24 ಬಿಟ್ಟು 16ಕ್ಕೆ ಬಂದೆ: ರೂನ್ ಓದಿನ ನನ್ನ ಅನುಭವ

ರೂನ್ ಅಂದರೆ ಉತ್ತರ ಯುರೋಪಿನ ಹಳೆಯ ಲಿಪಿಯ ಅಕ್ಷರ. ಅವನ್ನು ಕೆತ್ತಿದ ಕಲ್ಲು, ಕಡ್ಡಿ ಎತ್ತಿ ಶಕುನ ನೋಡುವುದೇ ರೂನ್ ಓದು. ಹಳೆಯ ಲಿಪಿಯಲ್ಲಿ 24 ರೂನ್, ಆಮೇಲಿನ ವೈಕಿಂಗ್ ಕಾಲದ್ದರಲ್ಲಿ 16. ಎಲ್ಲರೂ ಬಳಸುವುದು 24. ನಾನು 16 ರೂನ್‌ಗಳಲ್ಲೇ ಪ್ರಶ್ನೆ ನೋಡುತ್ತೇನೆ ಅಂದಾಗ ನಮ್ಮ ಬಳಗದಲ್ಲಿ ನಕ್ಕವರೇ ಜಾಸ್ತಿ. ಟ್ಯಾರೋ ಎಲೆಗಳಲ್ಲಿ ಭವಿಷ್ಯ ಓದುವ ಗೆಳತಿಯೊಬ್ಬಳು "ಎಂಟು ಎಲೆ ಬಿಸಾಕಿ ಇಸ್ಪೀಟ್ ಆಡ್ತೀಯಾ?" ಅಂತ ರೇಗಿಸಿದಳು. ಈಗ ಅವಳೇ ಮನೆ ಕೊಳ್ಳುವ ಮುಂಚೆ ಬಂದು ನಾನು ರೂನ್ ಚೆಲ್ಲುವ ಬಿಳಿ ಬಟ್ಟೆಯ ಮುಂದೆ ಕೂತು ಹೋಗಿದ್ದಾಳೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ. ಓಡಿನ್ ದೇವರ ಕಥೆಯಿಂದೆಲ್ಲ ಶುರು ಮಾಡಲ್ಲ.

ಮೊದಮೊದಲು ನಾನೂ ಎಲ್ಲರ ದಾರಿಯಲ್ಲೇ ಹೋದೆ. ಅಮೆಥಿಸ್ಟ್ ಕಲ್ಲಿನಲ್ಲಿ ರೂನ್ ಕೆತ್ತಿದ ಸೆಟ್ಟಿಗೆ ಸುಮಾರು 500 ಕ್ರೋನರ್ (ಸ್ವೀಡನ್ನಿನ ದುಡ್ಡು). ಆನ್‌ಲೈನ್ ಕೋರ್ಸಿಗೆ 3,000ದ ಹತ್ತಿರ. ಮೇಲೆ ಎರಡು ಮೂರು ಕೈಪಿಡಿಗಳು. ಇಷ್ಟೆಲ್ಲ ಸುರಿದ ಮೇಲೆ ಸಿಕ್ಕಿದ್ದು ಏನು? ಯಾರು ಏನೇ ಕೇಳಲಿ, ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: ಬದಲಾವಣೆ ಬರುತ್ತಿದೆ, ನಿಮ್ಮ ಒಳಗಿನ ಶಕ್ತಿಯನ್ನು ನಂಬಿ. ಇದನ್ನು ಹೇಳೋಕೆ ರೂನ್ ಯಾಕೆ ಬೇಕು, ಕ್ಯಾಲೆಂಡರ್ ಸಾಕಲ್ವಾ?

ಸೆಟ್ಟಿನ ಜೊತೆ ಬಂದ ಖಾಲಿ ಕಲ್ಲನ್ನು ಮೊದಲು ತೆಗೆದೆ. ಅದು 1982ರಲ್ಲಿ ಅಮೆರಿಕದಲ್ಲಿ ಬಂದ ಒಂದು ಕೈಪಿಡಿಯಿಂದ ಹಬ್ಬಿದ್ದು. ಹಳೆಯ ಕಾಲದಲ್ಲಿ ಅಂಥದ್ದು ಇರಲೇ ಇಲ್ಲ. ಆಮೇಲೆ ರೂನ್ ತಲೆಕೆಳಗಾಗಿ ಬಂದರೆ ಹೇಳುವ ಉಲ್ಟಾ ಅರ್ಥಗಳನ್ನು ಬಿಟ್ಟೆ. 24ರಲ್ಲಿ ಒಂಬತ್ತು ರೂನ್ ತಲೆಕೆಳಗು ಮಾಡಿದರೂ ಒಂದೇ ಥರ ಕಾಣುತ್ತವೆ. ಉಳಿದವುಗಳಿಗೆ ಮಾತ್ರ ಕೆಟ್ಟ ಮುಖ ಯಾಕೆ?

ನಾನಿರುವುದು ಸ್ವೀಡನ್ನಿನ ಉಪ್ಸಾಲಾದಲ್ಲಿ. ಸುತ್ತಲಿನ ಉಪ್ಲಾಂಡ್ ಸೀಮೆಯಲ್ಲೇ ಸಾವಿರಕ್ಕೂ ಹೆಚ್ಚು ರೂನ್ ಕಲ್ಲುಗಳಿವೆ. ಹೆಚ್ಚಿನವು 11ನೇ ಶತಮಾನದವು. ಬಹುತೇಕ ಎಲ್ಲ 16ರ ಲಿಪಿ. ಅವುಗಳಲ್ಲಿ ಶಕುನದ ಮಾತಿಲ್ಲ. "ಇಂಥವನು ತನ್ನ ಅಪ್ಪನ ನೆನಪಿಗೆ ಈ ಕಲ್ಲು ನಿಲ್ಲಿಸಿದ" ಅನ್ನುವ ಥರದ್ದೇ ಬಹಳ, ನಮ್ಮ ವೀರಗಲ್ಲುಗಳ ಹಾಗೆ. ಆದರೆ ಈ 16ಕ್ಕೆ ಒಂದು ದೊಡ್ಡ ಲಾಭ ಇದೆ. ನಾರ್ವೆಯ 13ನೇ ಶತಮಾನದ ರೂನ್ ಪದ್ಯ, ಅದಕ್ಕಿಂತ ಈಚಿನ ಕೈಬರಹಗಳಲ್ಲಿ ಉಳಿದ ಐಸ್‌ಲ್ಯಾಂಡಿನ ಪದ್ಯ, ಎರಡರಲ್ಲೂ 16 ರೂನ್‌ಗಳಿಗೂ ಸಾಲುಗಳಿವೆ. 24ರಲ್ಲಿ ಉಳಿದ ಎಂಟಕ್ಕೆ ಹಳೆಯ ಇಂಗ್ಲಿಷ್ ಪದ್ಯ ಒಂದೇ ಆಧಾರ. ಅದರ ಕೈಬರಹ 1731ರಲ್ಲಿ ಲಂಡನ್ನಿನಲ್ಲಿ ಸುಟ್ಟೇಹೋಯಿತು. 1705ರಲ್ಲಿ ಅಚ್ಚಾಗಿದ್ದರಿಂದ ಪದ್ಯ ಉಳಿಯಿತು. ಆ ಎಂಟರಲ್ಲಿ ಒಂದಾದ ಪೆರ್ಥ್ರೋ ಅಂದರೆ ವಿಧಿ, ಗುಟ್ಟು, ಗರ್ಭ ಅಂತೆಲ್ಲ ಕೈಪಿಡಿಗಳು ಬರೆಯುತ್ತವೆ. ಪದ್ಯದಲ್ಲಿರುವುದು ಬಿಯರ್ ಕುಡಿಯುವ ಸಾಲೆಯಲ್ಲಿ ಆಟ, ನಗು. ಅಷ್ಟೇ.

ಹಾಗಾಗಿ ಕೈಪಿಡಿ ಮುಚ್ಚಿಟ್ಟು ಪದ್ಯಗಳನ್ನು ಬಾಯಿಪಾಠ ಮಾಡಿದೆ. ಅಲ್ಲಿಂದ ಓದು ಬದಲಾಯಿತು.

ಫೇ ಅನ್ನುವ ರೂನ್ ತೆಗೆದುಕೊಳ್ಳಿ. ಕೈಪಿಡಿಯಲ್ಲಿ ಸಂಪತ್ತು, ಸಮೃದ್ಧಿ, ಶುಭ. ನಾರ್ವೆಯ ಪದ್ಯ ಹೇಳುವುದು: ದುಡ್ಡು ನೆಂಟರಲ್ಲಿ ಜಗಳ ಹಚ್ಚುತ್ತದೆ, ತೋಳ ಕಾಡಿನಲ್ಲಿ ಬೆಳೆಯುತ್ತದೆ. ದಾವಣಗೆರೆ ಕಡೆಯ ಒಬ್ಬರು ಸ್ಟಾಕ್‌ಹೋಮಿನಿಂದ ಬಂದು ಊರಿನ ಜಮೀನು ಮಾರುವ ವಿಷಯ ಕೇಳಿದರು. ಫೇ ಬಂತು. ನಾನು ಜಮೀನಿನ ಬೆಲೆ ಬಿಟ್ಟು "ಅಣ್ಣತಮ್ಮಂದಿರಲ್ಲಿ ಮಾತು ನಿಂತಿದೆಯಾ?" ಅಂದೆ. ಅವರು ಸುಮ್ನೆ ಕೂತುಬಿಟ್ಟರು. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದ್ದು ತಮ್ಮನ ಬಗ್ಗೆಯೇ.

ಕೌನ್ ಇನ್ನೂ ಚೆನ್ನಾಗಿದೆ. 24ರ ಕೈಪಿಡಿಗಳು ಇದನ್ನು ಪಂಜು ಅನ್ನುತ್ತವೆ. ಜ್ಞಾನದ ಬೆಳಕು, ಸೃಜನಶೀಲತೆ ಇತ್ಯಾದಿ. ಪಂಜು ಬಂದಿದ್ದು ಇಂಗ್ಲಿಷ್ ಪದ್ಯದಿಂದ. ನಾರ್ವೆ, ಐಸ್‌ಲ್ಯಾಂಡ್ ಎರಡರಲ್ಲೂ ಇದು ಹುಣ್ಣು, ಮಕ್ಕಳ ಜೀವಕ್ಕೆ ಕುತ್ತು. ಹೊಸ ವ್ಯಾಪಾರ ಶುರು ಮಾಡುವವರಿಗೆ ಪಂಜು ತೋರಿಸಿ ಕಳಿಸುವುದಕ್ಕೂ, ಎಲ್ಲೋ ಕೀವು ಕಟ್ಟಿದೆ ಮೊದಲು ಅದನ್ನು ನೋಡಿ ಅನ್ನುವುದಕ್ಕೂ ಎಷ್ಟು ಅಂತರ!

ರೈಡ್ ಅಂದರೆ ಸವಾರಿ. ಕೂತವನಿಗೆ ಸುಖ, ಕುದುರೆಗೆ ದುಡಿತ. ಕೆಲಸ ಬದಲಿಸುವ ಪ್ರಶ್ನೆಗೆ ಇದು ಬಂದರೆ ನಾನು ಕೇಳುವುದು ಒಂದೇ: ಈ ಪ್ರಯಾಣದಲ್ಲಿ ಕುದುರೆ ಯಾರು? ಉತ್ತರ ಹೆಚ್ಚಾಗಿ ಹೆಂಡತಿ.

ಈಸ್ ಅಂದರೆ ಮಂಜುಗಡ್ಡೆ. ಅದು ಬಂದರೆ "ಎಲ್ಲ ಸ್ತಬ್ಧ, ಕಾಯಿರಿ" ಅಂತ ಮುಗಿಸುವವರಿದ್ದಾರೆ. ಪದ್ಯದಲ್ಲಿ ಮಂಜುಗಡ್ಡೆ ಅಗಲವಾದ ಸೇತುವೆ, ಕುರುಡನನ್ನು ಕೈಹಿಡಿದು ದಾಟಿಸಬೇಕು. ಇಲ್ಲಿ ಚಳಿಗಾಲದಲ್ಲಿ ಜನ ಕೆರೆಗಳ ಮೇಲೆ ಸ್ಕೇಟ್ ಮಾಡುತ್ತಾ ಮೈಲಿಗಟ್ಟಲೆ ಹೋಗುತ್ತಾರೆ. ಬಿದ್ದರೆ ಹಿಡಿದು ಮೇಲೆ ಬರಲು ಕೊರಳಿಗೆ ಮೊಳೆಯ ಹಿಡಿ ಕಟ್ಟಿಕೊಂಡಿರುತ್ತಾರೆ, ಒಬ್ಬರೇ ಹೋಗಲ್ಲ. ನನ್ನ ಓದಿನಲ್ಲಿ ಈಸ್ ಅಂದರೆ ಹೋಗಬಹುದು, ಆದರೆ ದಾರಿ ಗೊತ್ತಿರುವವರ ಜೊತೆ.

ನಾರ್ವೆಯ ಪದ್ಯದಲ್ಲಿ ಒಂದೊಂದು ರೂನಿಗೆ ಎರಡೆರಡು ಸಾಲು. ಎಷ್ಟೋ ಕಡೆ ಎರಡನೆಯದಕ್ಕೂ ಮೊದಲನೆಯದಕ್ಕೂ ಮೇಲ್ನೋಟಕ್ಕೆ ಸಂಬಂಧವೇ ಇರಲ್ಲ. ಆಲಿಕಲ್ಲು ಎಲ್ಲಕ್ಕಿಂತ ತಣ್ಣನೆಯ ಕಾಳು ಅಂತ ಒಂದು ಸಾಲು, ಕ್ರಿಸ್ತ ಹಿಂದೆ ಲೋಕವನ್ನು ಮಾಡಿದ ಅಂತ ಇನ್ನೊಂದು. ಇದನ್ನು ನೋಡಿ ಮೂಗು ಮುರಿಯುವ ಅಸಾತ್ರು ಗೆಳೆಯರಿದ್ದಾರೆ, ಅಂದರೆ ಓಡಿನ್‌ನಂಥ ಹಳೆಯ ದೇವರುಗಳನ್ನು ಈಗಲೂ ಪೂಜಿಸುವವರು. ಬರೆದಿಟ್ಟವರು ಕ್ರೈಸ್ತರು ಸ್ವಾಮಿ, ಏನು ಮಾಡೋಣ. ನನ್ನ ಓದಿನಲ್ಲಿ ಮೊದಲ ಸಾಲು ಕೇಳಿದ ಪ್ರಶ್ನೆಗೆ, ಎರಡನೆಯದು ಕೇಳದೆ ಉಳಿದ ಪ್ರಶ್ನೆಗೆ. ಒಂದು ಓದಿಗೆ ಎತ್ತುವ ಮೂರು ರೂನ್ ಕಡ್ಡಿಗಳ ಎರಡನೇ ಸಾಲುಗಳನ್ನು ಹೇಗೆ ಕೂಡಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬಿಚ್ಚಿಡಲ್ಲ. ಅದು ನನ್ನ ಅನ್ನದ ಗುಟ್ಟು.

ಎಸೆಯುವ ಕ್ರಮ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಜರ್ಮಾನಿಕ್ ಜನರ ಬಗ್ಗೆ ಬರೆದದ್ದು. ಹಣ್ಣು ಬಿಡುವ ಮರದ ಕೊಂಬೆಯಿಂದ ಕಡ್ಡಿ ಕತ್ತರಿಸು, ಗುರುತು ಮಾಡು, ಬಿಳಿ ಬಟ್ಟೆಯ ಮೇಲೆ ಚೆಲ್ಲು, ಆಕಾಶ ನೋಡುತ್ತಾ ಮೂರು ಎತ್ತು. ಆ ಗುರುತುಗಳು ರೂನ್‌ಗಳೇ ಅಂತ ಅವನು ಹೇಳಿಲ್ಲ. ಆದರೂ ಕೆಲಸಕ್ಕೆ ಬರುವ ಕ್ರಮ. 24ರಲ್ಲಿ ಮೂರು ಎತ್ತಿದರೆ 2,024 ಜೋಡಣೆ, 16ರಲ್ಲಿ 560. ಈ 560 ಕೈಗೆ ಹತ್ತುತ್ತದೆ. ಕೆಲವು ಜೋಡಣೆಗಳನ್ನು ಈಗ ಮುಖ ನೋಡಿದ ಹಾಗೆ ಗುರುತಿಸುತ್ತೇನೆ.

ಕಡ್ಡಿ ಮಾಡುವುದರಲ್ಲೇ ಜಾಸ್ತಿ ಮರ ಹಾಳಾಯಿತು. ಮಾರುಕಟ್ಟೆಯಲ್ಲಿ ಸಿಗುವ ಹಾಗೆ ಕೊಂಬೆಯನ್ನು ಅಡ್ಡಕ್ಕೆ ಬಿಲ್ಲೆ ಬಿಲ್ಲೆ ಕೊಯ್ದೆ. ಹಸಿ ಸೇಬಿನ ಮರ, ಮನೆ ಬಿಸಿ ಮಾಡುವ ರೇಡಿಯೇಟರ್ ಪಕ್ಕ ಒಣಗಲು ಇಟ್ಟೆ. ನಡುವಿನಿಂದ ಅಂಚಿಗೆ ಸೀಳಿಕೊಂಡು ಮುಕ್ಕಾಲುಪಾಲು ಹೋಯಿತು. ಆಮೇಲೆ ಉದ್ದಕ್ಕೆ ಸೀಳಿ ಬೆರಳುದ್ದದ ಕಡ್ಡಿ ಮಾಡಿದೆ. ತಂಪು ಜಾಗದಲ್ಲಿ ತಿಂಗಳುಗಟ್ಟಲೆ ಒಣಗಿಸಿದೆ. ಒಂದೂ ಬಿರಿಯಲಿಲ್ಲ. ಚಾಕು ಹಿಡಿದ ಮೇಲೆ ಇನ್ನೊಂದು ಅರ್ಥವಾಯಿತು: ರೂನ್‌ಗಳಲ್ಲಿ ನೇರ ಗೀಟು, ಓರೆ ಗೀಟು ಬಿಟ್ಟು ಅಡ್ಡ ಗೀಟು ಯಾಕೆ ಅಪರೂಪ ಅಂತ. ಅಡ್ಡ ಗೀಟು ಮರದ ನಾರಿನ ಜೊತೆ ಕಲೆತು ಕಾಣದೇ ಹೋಗುತ್ತದೆ. ಇನ್ನೊಂದು ಮಾತು, ಮಾಡ್ರ್ ಅಂದರೆ ಮನುಷ್ಯ. ಅದನ್ನು ತಲೆಕೆಳಗು ಹಿಡಿದರೆ ಈರ್, ಅಂದರೆ ಯೂ ಮರ. ಯಾವ ತುದಿ ಕೆಳಗೆ ಅಂತ ತಿಳಿಯಲು ಎಲ್ಲ ಕಡ್ಡಿಗಳ ಬುಡಕ್ಕೂ ಒಂದು ಸಣ್ಣ ಕಚ್ಚು ಹಾಕಿ.

ಸ್ವೀಡನ್ನಿನಲ್ಲಿ ಯಾರ ಕಾಡಿನಲ್ಲಾದರೂ ಓಡಾಡಬಹುದು, ಹಣ್ಣು ಅಣಬೆ ಕೀಳಬಹುದು. ಆದರೆ ಬೆಳೆಯುವ ಮರದ ಕೊಂಬೆ ಮುರಿಯುವ ಹಾಗಿಲ್ಲ. ನನಗೆ ಪರಿಚಯದವರ ತೋಟದಲ್ಲಿ ಸವರಿದ ಸೇಬಿನ ಕೊಂಬೆ ಪುಕ್ಕಟೆ ಸಿಕ್ಕಿತು. ಒಂದು ಡಬ್ಬಿ ಏಲಕ್ಕಿ ಬನ್ ಕೊಟ್ಟೆ, ಲೆಕ್ಕ ಚುಕ್ತಾ.

ಬಣ್ಣಕ್ಕೆ ಊರಿನಿಂದ ತಂದ ಅರಿಶಿನದ ಕುಂಕುಮವನ್ನೇ ಅಗಸೆ ಎಣ್ಣೆಯಲ್ಲಿ ಕಲಸಿ ತುಂಬಿದೆ. ಮೊದಲು ಏನು ಚಂದ ಅಂತೀರಿ. ಕಿಟಕಿ ಪಕ್ಕ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮಾಸಿ ಹಳದಿಗೆ ತಿರುಗಿತು. ಅರಿಶಿನಕ್ಕೆ ಬಿಸಿಲು ಆಗಲ್ಲ. ಈಗ ಕೆಮ್ಮಣ್ಣು, ಅದೇ ಎಣ್ಣೆ, ಜೊತೆಗೆ ಇನ್ನೊಂದು ಪುಡಿ. ಆ ಪುಡಿಯ ಹೆಸರು ಬೇಡ. ತೆಂಗಿನ ಚಿಪ್ಪಿನಲ್ಲೂ ಒಂದು ಸೆಟ್ ಮಾಡಿದ್ದೆ. ಸದ್ದು ಚೆನ್ನಾಗಿತ್ತು, ಆದರೆ ಒಂದೊಂದೂ ಒಂದೊಂದು ಆಕಾರ. ಕಣ್ಣು ಮುಚ್ಚಿದರೂ ಯಾವ ರೂನ್ ಅಂತ ಬೆರಳಿಗೆ ಗೊತ್ತಾಗುತ್ತಿತ್ತು.

ಇನ್ನು ದುಡ್ಡು. ಒಂದು ಮೇಳದಲ್ಲಿ ಮೇಜಿಗೆ 1,200 ಬಾಡಿಗೆ ಕೊಟ್ಟು ಅರ್ಧವೂ ಗಿಟ್ಟಲಿಲ್ಲ. ಮೇಜಿನ ಬಟ್ಟೆಯಲ್ಲಿ ದೊಡ್ಡದಾಗಿ ಟೀರ್ ರೂನ್ ಇತ್ತು. ಇಲ್ಲಿ ನವ ನಾಜಿಗಳು ಅದನ್ನು ತಮ್ಮ ಗುರುತು ಮಾಡಿಕೊಂಡಿದ್ದಾರೆ, ಜನ ನೋಡಿ ದೂರದಿಂದಲೇ ತಿರುಗಿದರು. ಟೀರ್, ಅದೇ ಗತಿಯಾದ ಸೋಲ್ ರೂನ್, ಎರಡನ್ನೂ ಒಂಟಿಯಾಗಿ ಎಲ್ಲೂ ಹಾಕಬೇಡಿ. ಟ್ಯಾಸಿಟಸ್‌ನ ಇನ್ನೊಂದು ನಿಯಮದಿಂದಲೂ ಗಿರಾಕಿ ಹೋದರು: ಬೇಡ ಅಂತ ಬಂದರೆ ಅದೇ ದಿನ ಅದೇ ವಿಷಯ ಮತ್ತೆ ಕೇಳುವ ಹಾಗಿಲ್ಲ. "ಇನ್ನೊಂದ್ಸಲ ಹಾಕಿ, ದುಡ್ಡು ಕೊಡ್ತೀನಿ" ಅಂದವರನ್ನು ವಾಪಸ್ ಕಳಿಸಿದೆ. ಈಗ ಒಂದು ಓದಿಗೆ 400. ತಿಂಗಳಿಗೆ ಮನೆ ಬಾಡಿಗೆಯ ಕಾಲುಭಾಗ ಇದರಿಂದ ಬರುತ್ತದೆ, ಬಂದವರಲ್ಲಿ ಅರ್ಧಕ್ಕರ್ಧ ಜನ ಮತ್ತೆ ಬರುತ್ತಾರೆ.

ಮೂರು ನಾಲ್ಕು ರೂನ್ ಬೆಸೆದು ತಾಯತ ಮಾಡಿಕೊಡಿ ಅಂತ ಬರುವವರೂ ಇದ್ದಾರೆ. ಒಳ್ಳೆ ದುಡ್ಡು, ಆದರೂ ಮಾಡಲ್ಲ. ಐಸ್‌ಲ್ಯಾಂಡಿನ ಹಳೆಯ ಕಥೆ ಎಗಿಲ್‌ನ ಸಾಗಾದಲ್ಲಿ ಒಬ್ಬ ಹುಡುಗ ತಿಳಿಯದೆ ತಿಮಿಂಗಿಲದ ಮೂಳೆಯ ಮೇಲೆ ರೂನ್ ಕೆತ್ತಿ ಹುಡುಗಿಯ ಕಾಯಿಲೆ ಹೆಚ್ಚಿಸುತ್ತಾನೆ. ಎಗಿಲ್ ಅದನ್ನು ಕೆರೆದು ಸುಡುತ್ತಾನೆ. ಓದಲು ಬರುವುದು ನನಗೆ, ಕಟ್ಟಲು ಬರಲ್ಲ.

ಸದ್ಯ ಈರ್ ಕಡ್ಡಿಯನ್ನು ನಿಜವಾದ ಯೂ ಮರದಲ್ಲೇ ಮಾಡುತ್ತಿದ್ದೇನೆ. ನೀವೂ ಮಾಡುವುದಾದರೆ ಮಾಸ್ಕ್ ಹಾಕಿಕೊಂಡು ಉಜ್ಜಿ, ಅದರ ಪುಡಿ ವಿಷ. ತೂಕ ಉಳಿದ ಹದಿನೈದಕ್ಕಿಂತ ಜಾಸ್ತಿ ಬರುತ್ತಿದೆ. ಇನ್ನೂ ಸ್ವಲ್ಪ ತೆಳ್ಳಗೆ ಕೆತ್ತಬೇಕು, ಇಲ್ಲದಿದ್ದರೆ ಕೈ ತಾನಾಗಿ ಅದನ್ನೇ ಹುಡುಕುತ್ತದೆ.