ಕಾರಿನೊಳಗಿನ ಸಿಮ್‌ನ ಬಾಯಿ ಕಟ್ಟಿದ ಬಗೆ: ನನ್ನ ಅನುಭವ

ಗಾಡಿ ಎಲ್ಲಿಗೆ ಹೋಯಿತು, ಹೇಗೆ ಓಡಿತು ಎಂಬುದನ್ನು ಒಳಗಿನ ಸಿಮ್ ಮೂಲಕ ಕಂಪನಿಗೆ ಕಳುಹಿಸುವ ಟೆಲಿಮ್ಯಾಟಿಕ್ಸ್ ಯುನಿಟ್‌ಗೆ ಕೈ ಹಚ್ಚಿದರೆ ಸೆಂಟ್ರಲ್ ಲಾಕ್ ಕೈಕೊಡುತ್ತದೆ, ಮೀಟರಿನಲ್ಲಿ ದೀಪ ಉರಿಯುತ್ತದೆ, ವಾರಂಟಿಗೂ ತಕರಾರು ಬರುತ್ತದೆ ಎಂದು ದಾವಣಗೆರೆಯ ಪಿ.ಬಿ. ರಸ್ತೆಯ ನಮ್ಮ ಎಲೆಕ್ಟ್ರಿಷಿಯನ್ ಬಳಗದವರು ಹೇಳುತ್ತಲೇ ಇದ್ದರು. ವಾರಂಟಿಯ ಮಾತು ನಿಜವಾದ್ದರಿಂದ ಅದು ಮುಗಿಯದ ಗಾಡಿಯನ್ನು ನಾನು ಮುಟ್ಟುವುದಿಲ್ಲ. ಉಳಿದೆರಡು ಮಾತು ಸುಳ್ಳೆಂದು ತೋರಿಸುವಷ್ಟರಲ್ಲಿ ಸುಮಾರು ಹದಿನೆಂಟು ಸಾವಿರ ರೂಪಾಯಿ ಖರ್ಚಾಗಿತ್ತು.

ಮೊದಲು ಎಲ್ಲರಂತೆ ಫ್ಯೂಸ್ ಕಿತ್ತೆ. ಅಪಘಾತದ ಕರೆಗೆಂದು ಯುನಿಟ್ಟಿನೊಳಗೇ ಒಂದು ಸಣ್ಣ ಬ್ಯಾಟರಿ ಇರುವುದರಿಂದ ಅದು ಕೂಡಲೇ ಸಾಯಲಿಲ್ಲ; ಸತ್ತಾಗ ಬ್ಲೂಟೂತ್ ಕರೆಯ ಮೈಕನ್ನೂ ಜೊತೆಗೆ ಒಯ್ದಿತು, ಏಕೆಂದರೆ ಆ ಮಾದರಿಯಲ್ಲಿ ಮೈಕಿನ ತಂತಿ ಯುನಿಟ್ಟಿನ ಮೂಲಕವೇ ಸ್ಟೀರಿಯೋಗೆ ಹೋಗುತ್ತದೆ. ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ಮರುದಿನವೇ ಗಾಡಿ ತಂದು ನಿಲ್ಲಿಸಿ, “ಏನ್ರೀ, ನನ್ನ ಮಾತೇ ಆ ಕಡೆಯವರಿಗೆ ಕೇಳಿಸ್ತಿಲ್ಲವಲ್ಲ” ಎಂದರು.

ಬಳಿಕ ಫ್ಯೂಸ್ ಹಾಕಿ ಆಂಟೆನಾ ತಂತಿಗಳನ್ನಷ್ಟೇ ಬಿಚ್ಚಿದೆ. ಊರೊಳಗೆ ಸಿಗ್ನಲ್ ಬಲವಾಗಿರುವಲ್ಲಿ ಅದು ಆಗಲೂ ಸಂಪರ್ಕ ಸಾಧಿಸಿತು. ಜಗಳೂರಿನ ಆಚೆ ಒಂದು ತೋಟದ ಮನೆಯಲ್ಲಿ ಸಿಗ್ನಲ್ ಹುಡುಕುತ್ತಲೇ ಎಚ್ಚರವಿದ್ದು, ಗಾಡಿ ನಿಂತಾಗ ಮೂವತ್ತು ಮಿಲಿ ಆಂಪಿಯರಿನಷ್ಟಿರಬೇಕಾದ ಕರೆಂಟು ಮುನ್ನೂರರ ಹತ್ತಿರ ಎಳೆಯಿತು. ಬ್ಯಾಟರಿ ಕುಳಿತುಹೋಗಿ, ಹೊಸದಕ್ಕೆ ಐದು ಸಾವಿರದಷ್ಟು ನನ್ನ ಜೇಬಿನಿಂದಲೇ ಕೊಟ್ಟೆ. ಅಲ್ಯೂಮಿನಿಯಂ ಹಾಳೆ ಸುತ್ತುವ ಉಪಾಯವೂ ಆಯಿತು. ಅದರ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಕೊನೆಗೆ ಗೆದ್ದದ್ದು ಯುನಿಟ್ಟನ್ನೇ ಪೂರ್ತಿ ಬಿಚ್ಚಿ, ಅದರ ಸಾಕೆಟ್ಟಿಗೆ ನಾನೇ ಕಟ್ಟಿದ ಬೈಪಾಸ್ ವೈರಿಂಗ್ ಕೂರಿಸುವ ವಿಧಾನ. ಬ್ಯಾಟರಿ ಕಳಚಿ ಕ್ಯಾನ್ ಜೋಡಿಯ (ಕಾರಿನ ಯುನಿಟ್ಟುಗಳು ಪರಸ್ಪರ ಮಾತಾಡುವ ಎರಡು ತಂತಿಗಳ) ನಡುವೆ ಅಳೆದಾಗ ಮುಂಚೆ 60 ಓಮ್ ಇದ್ದದ್ದು ಯುನಿಟ್ ಬಿಚ್ಚಿದ ಮೇಲೆ 120 ಆದರೆ, ಆ ತಂತಿಗಳ ಎರಡು ತುದಿಗಳಲ್ಲಿ ಇರಬೇಕಾದ ರೆಸಿಸ್ಟರ್‌ಗಳಲ್ಲಿ ಒಂದು ಅದರೊಳಗೇ ಇತ್ತೆಂದು ಅರ್ಥ. ಅದನ್ನು ಮರಳಿ ಕೊಡದಿದ್ದರೆ ಬಳಗದವರು ಹೆದರಿಸಿದ ದೀಪಗಳೆಲ್ಲ ಉರಿಯುತ್ತವೆ, ಕೊಟ್ಟರೆ ಒಂದೂ ಉರಿಯುವುದಿಲ್ಲ. ಮೈಕಿನ ದನಿ ಮಂದವಾಗದಂತೆ ನಡುವೆ ಏನನ್ನು ಬೆಸೆಯುತ್ತೇನೆ ಎಂಬುದನ್ನು ಮಾತ್ರ ಬರೆಯಲಾರೆ. ಅದು ನನ್ನ ಅನ್ನದ ಪ್ರಶ್ನೆ. ಸಾಕೆಟ್ಟು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ನಾನೂರು ಐನೂರಕ್ಕೆ ಸಿಗುತ್ತದೆ, ಒಟ್ಟು ಸಾಮಾನು ಸಾವಿರ ದಾಟುವುದಿಲ್ಲ, ನಾನು ಎರಡೂವರೆ ಸಾವಿರ ಪಡೆಯುತ್ತೇನೆ. ಅಂದು ಹೆದರಿಸಿದವರೇ ಈಗ ಗಿರಾಕಿಗಳನ್ನು ನನ್ನ ಬಳಿಗೆ ಕಳುಹಿಸುತ್ತಾರೆ.

“ನಾವು ಹರಿಹರಕ್ಕೆ ಹೋಗಿಬಂದ ಲೆಕ್ಕ ಯಾರಿಗೆ ಬೇಕು?” ಎನ್ನುವವರಿಗೆ ನಾನು ಅಮೆರಿಕದ ಜನರಲ್ ಮೋಟಾರ್ಸ್ ಪ್ರಕರಣವನ್ನು ಹೇಳುತ್ತೇನೆ: ಜೋರಾಗಿ ಬ್ರೇಕ್ ಹಾಕಿದ, ವೇಗ ಮೀರಿದ ವಿವರಗಳು ಮಾಹಿತಿ ಮಾರುವ ದಲ್ಲಾಳಿ ಸಂಸ್ಥೆಗಳ ಮೂಲಕ ವಿಮೆಯವರನ್ನು ತಲುಪಿದ್ದವು, ಮತ್ತು ಅವನ್ನು ಅಂಥ ಸಂಸ್ಥೆಗಳಿಗೆ ಐದು ವರ್ಷ ಕೊಡಬಾರದೆಂಬ ನಿರ್ಬಂಧವನ್ನು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಪ್ರಕಟಿಸಿತು.

ಇದರ ನಡುವೆ ಸೆಕೆಂಡ್ ಹ್ಯಾಂಡ್ ಕಾರುಗಳ ಸ್ಟೀರಿಯೋ ಪರದೆಗಳನ್ನೂ ತೆರೆದು ನೋಡುವ ಹುಚ್ಚು ಹಿಡಿಯಿತು. ಬೆಂಗಳೂರಿನಿಂದ ಬಂದ ಒಂದು ಗಾಡಿಯಲ್ಲಿ ಹಳೆಯ ಮಾಲೀಕರ “ಅಮ್ಮ”, “ಹಾಲಿನವನು”, “ಡಾಕ್ಟರ್” ಎಲ್ಲರ ನಂಬರುಗಳೂ, “ಮನೆ” ಎಂದು ಗುರುತು ಹಾಕಿದ ಜಾಗವೂ ಹಾಗೆಯೇ ಇದ್ದವು. ಯುನಿಟ್ ಬಿಚ್ಚಿದರೂ ಇವು ಹೋಗುವುದಿಲ್ಲ. ಫ್ಯಾಕ್ಟರಿ ರೀಸೆಟ್ ಬೇರೆಯಾಗಿಯೇ ಮಾಡಬೇಕು, ಅದಕ್ಕೆ ನಾನು ಹಣ ಪಡೆಯುವುದಿಲ್ಲ.

ಯುನಿಟ್ ಹೋದರೆ ತುರ್ತು ಕರೆಯ ಎಸ್‌ಒಎಸ್ ಗುಂಡಿಯೂ ಹೋಗುತ್ತದೆ, ಕಳುವಾದ ಗಾಡಿಯನ್ನು ಫೋನಿನಲ್ಲಿ ಹುಡುಕಲಾಗುವುದಿಲ್ಲ. ಇದನ್ನು ಬರೆದು ಸಹಿ ಹಾಕಿಸಿಕೊಂಡ ಮೇಲೆಯೇ ಡ್ಯಾಶ್‌ಬೋರ್ಡ್ ಬಿಚ್ಚುತ್ತೇನೆ, ತೆಗೆದ ಯುನಿಟ್ಟನ್ನು ಮಾಲೀಕರ ಕೈಗೇ ಕೊಡುತ್ತೇನೆ. ಹಳದಿ ಬೋರ್ಡಿನ ಟ್ಯಾಕ್ಸಿ ತಂದವರನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತೇನೆ, ಏಕೆಂದರೆ ಅವುಗಳಲ್ಲಿ ಗಾಡಿ ಎಲ್ಲಿದೆ ಎಂದು ತಿಳಿಸುವ ಎಐಎಸ್-140 ಮಾನದಂಡದ ಟ್ರ್ಯಾಕರ್ ಕಾನೂನಿನಂತೆ ಇರಲೇಬೇಕು.