ಅಲೆಕ್ಸಾಂಡ್ರಿಯಾಗೆ ಹೋದರೆ ಸಂಜೆಗೆ ಉಳಿಯಿರಿ

ಈಜಿಪ್ಟಿಗೆ ಹೋಗುವ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಪಿರಮಿಡ್, ಮ್ಯೂಸಿಯಂ, ಲಕ್ಸರ್, ನೈಲ್ ನದಿಯಲ್ಲಿ ದೋಣಿ. ಅಲೆಕ್ಸಾಂಡ್ರಿಯಾಗೆ ಸಿಗುವುದು ಒಂದು ಹಗಲು ಮಾತ್ರ. ಬೆಳಗ್ಗೆ ಕೈರೋ ಬಿಟ್ಟು, ಒಂದು ಕಂಬ, ಒಂದು ಕೋಟೆ, ಒಂದು ಲೈಬ್ರರಿ ನೋಡಿ, ಹೊತ್ತು ಮುಳುಗುವ ಮುಂಚೆ ವಾಪಸ್ ಬಸ್ಸು ಹತ್ತುತ್ತಾರೆ. ಆದರೆ ಈ ಊರಿನ ಜನ ಮನೆಯಿಂದ ಹೊರಗೆ ಬರುವುದೇ ಹೊತ್ತು ಮುಳುಗಿದ ಮೇಲೆ. ಬಿಸಿಲಲ್ಲಿ ಕಲ್ಲು ನೋಡಿ, ಸಂಜೆ ಕಡಲು ಬಿಟ್ಟು ಬರುವುದೆಂದರೆ ಮದುವೆಗೆ ಹೋಗಿ ಊಟ ಮಾಡದೆ ಬಂದ ಹಾಗೆ. ಎರಡು ದಿನ, ಒಂದೆರಡು ರಾತ್ರಿ ಇಟ್ಟುಕೊಳ್ಳಿ. ಹೇಗೆ ಕಳೆಯಬೇಕು ಅಂತ ಹೇಳುತ್ತೇನೆ.

ತಿಂಗಳು ನೋಡಿಕೊಳ್ಳಿ

ಜುಲೈ, ಆಗಸ್ಟ್‌ನಲ್ಲಿ ಕೈರೋದ ಸೆಕೆ ತಾಳಲಾರದೆ ಅಲ್ಲಿನವರೆಲ್ಲ ಇಲ್ಲಿಗೆ ಬರುತ್ತಾರೆ. ಆಗ ಮರಳಿನ ಮೇಲೆ ಚಾಪೆ ಹಾಸಲೂ ಜಾಗ ಸಿಗುವುದಿಲ್ಲ. ಅಕ್ಟೋಬರ್ ಒಳ್ಳೆಯದು, ಏಪ್ರಿಲ್, ಮೇ ಕೂಡ ಪರವಾಗಿಲ್ಲ. ಚಳಿಗಾಲದಲ್ಲಿ ಗಾಳಿಮಳೆ ಇರುತ್ತದೆ, ಅದಕ್ಕೊಂದು ಸೊಗಸಿದೆ. ನಮ್ಮ ರೈತರು ಆರಿದ್ರ ಮಳೆ, ಮಘೆ ಮಳೆ, ಸ್ವಾತಿ ಮಳೆ ಅಂತ ಹೆಸರು ಹಿಡಿದು ಕಾಯುತ್ತಾರಲ್ಲ, ಇಲ್ಲಿನ ಮೀನುಗಾರರೂ ಹಾಗೆಯೇ. ಪ್ರತಿ ಬಿರುಗಾಳಿಗೂ ಒಂದು ಹೆಸರು, ಒಂದು ವಾಯಿದೆ. ನವೆಂಬರಿನದು ‘ಮಕ್ನಸಾ’, ಅಂದರೆ ಪೊರಕೆ. ಡಿಸೆಂಬರಿನದು ‘ಕಾಸಿಮ್’. ಆಗ ಅಲೆ ಎದ್ದು ರಸ್ತೆಗೇ ಅಪ್ಪಳಿಸುತ್ತದೆ. ಆ ದಿನಗಳಲ್ಲಿ ಹೋದರೆ ಒಂದು ದಪ್ಪ ಜಾಕೆಟ್ ಇರಲಿ.

ರೈಲು ಹತ್ತಿ, ಕೊನೆಯಲ್ಲಿ ಇಳಿಯಿರಿ

ಕೈರೋದ ರಾಮ್ಸೆಸ್ ಸ್ಟೇಷನ್ನಿನಿಂದ ರೈಲಿದೆ. ಸುಮಾರು 220 ಕಿಲೋಮೀಟರ್, ಎರಡೂವರೆಯಿಂದ ಮೂರು ಗಂಟೆ. ಮೊದಲು ಸಿಗುವ ಸಿದಿ ಗಾಬರ್ ಸ್ಟೇಷನ್ನಿನಲ್ಲಿ ಅರ್ಧ ಡಬ್ಬಿ ಖಾಲಿಯಾಗುತ್ತದೆ. ಗಾಬರಿಯಾಗಿ ನೀವೂ ಇಳಿಯಬೇಡಿ. ಕೊನೆಯ ನಿಲ್ದಾಣ ಮಸ್ರ್ ಸ್ಟೇಷನ್, ಹಳೆಯ ಪೇಟೆಗೆ ಅದು ಹತ್ತಿರ. ರೂಮನ್ನು ರಾಮಲ್ ಸ್ಟೇಷನ್ ಎಂಬ ಟ್ರಾಮ್ ನಿಲ್ದಾಣದ ಆಸುಪಾಸಿನಲ್ಲಿ ಹಿಡಿಯಿರಿ. ಹೋಟೆಲು, ಕಾಫಿ ಅಂಗಡಿ, ಕಡಲು ಎಲ್ಲ ನಡೆದು ಹೋಗುವಷ್ಟು ದೂರ.

ದಿಕ್ಕಿನ ಚಿಂತೆ ಬೇಡ. ಊರು ಕಡಲಿಗೆ ಅಂಟಿಕೊಂಡು ಉದ್ದಕ್ಕೆ ಮಲಗಿದೆ. ಪಶ್ಚಿಮದ ಕಡೆ ಕೈತ್ಬೇ ಕೋಟೆ, ಪೂರ್ವದ ತುದಿಗೆ ಮೊಂತಾಜಾ ತೋಟ, ನಡುವೆ ಕಾರ್ನಿಶ್ ಅನ್ನುವ ಕಡಲ ದಂಡೆಯ ರಸ್ತೆ. ಮಂಗಳೂರು, ಕಾರವಾರದವರಿಗೆ ಕಡಲು ಅಂದರೆ ಪಡುವಣ, ಅಲ್ವಾ? ಇಲ್ಲಿ ಕಡಲು ಉತ್ತರಕ್ಕಿದೆ. ಅದೊಂದು ನೆನಪಿದ್ದರೆ ದಾರಿ ತಪ್ಪುವುದಿಲ್ಲ. ಆದರೆ ಕಾರ್ನಿಶ್ ದಾಟುವಾಗ ಸಾಹಸ ಬೇಡ, ಕಾರುಗಳು ನಿಲ್ಲುವುದಿಲ್ಲ. ಅಲ್ಲಲ್ಲಿ ರಸ್ತೆ ಕೆಳಗೆ ಸುರಂಗದಾರಿಗಳಿವೆ, ಅದರಲ್ಲೇ ಹೋಗಿ.

ಇನ್ನೊಂದು ಸಣ್ಣ ತಯಾರಿ. ಬೆಲೆಪಟ್ಟಿಯಲ್ಲಿ ಅರಬ್ಬಿ ಅಂಕಿಗಳೇ ಜಾಸ್ತಿ. ಅವರ ಐದು ನಮ್ಮ ಸೊನ್ನೆಯ ಹಾಗೆ ದುಂಡಗಿದೆ. ಅವರ ಸೊನ್ನೆ ಬರೀ ಒಂದು ಚುಕ್ಕಿ. ಇಷ್ಟು ತಿಳಿಯದೆ ಹೋದರೆ ಐವತ್ತನ್ನು ಸೊನ್ನೆ ಅಂತ ಓದುತ್ತೀರಿ. ರೈಲಿನಲ್ಲಿ ಕೂತು ಹತ್ತು ಅಂಕಿ ಕಲಿತುಬಿಡಿ.

ಮೊದಲ ಬೆಳಗ್ಗೆ ನೆಲದ ಕೆಳಗೆ ಹೋಗಿ

ಟ್ಯಾಕ್ಸಿ ಹಿಡಿದು ಕೋಮ್ ಅಲ್ ಶುಕಾಫಾಗೆ ಹೋಗಿ. ಇದು ರೋಮನ್ನರ ಕಾಲದ ನೆಲಮಾಳಿಗೆ ಸಮಾಧಿ. 1900ರಲ್ಲಿ ಒಂದು ಕತ್ತೆ ನೆಲ ಕುಸಿದು ಒಳಗೆ ಬಿದ್ದಾಗ ಇದು ಪತ್ತೆಯಾಯಿತು ಅಂತ ಹೇಳುತ್ತಾರೆ. ಸುತ್ತು ಮೆಟ್ಟಿಲು ಇಳಿಯಬೇಕು, ತೊಂಬತ್ತೊಂಬತ್ತು ಮೆಟ್ಟಿಲು. ಮೆಟ್ಟಿಲು ಸುತ್ತುವ ನಡುವಿನ ಬಾವಿಯಲ್ಲೇ ಹೆಣವನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಕೆಳಗೆ ನಾಯಿಮುಖದ ಅನುಬಿಸ್ ದೇವರು ರೋಮನ್ ಸಿಪಾಯಿಯ ಉಡುಪು ತೊಟ್ಟು ನಿಂತಿದ್ದಾನೆ. ಈಜಿಪ್ಟಿನ ದೇವರು, ರೋಮಿನ ಬಟ್ಟೆ. ಈ ಊರು ಎಂಥದ್ದು ಅಂತ ಆ ಒಂದು ಶಿಲ್ಪ ಹೇಳಿಬಿಡುತ್ತದೆ.

ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅಲ್ಲಿನ ಊಟದ ಕೋಣೆ. ಸತ್ತವರ ನೆನಪಿನ ದಿನ ಮನೆಯವರು ಬಂದು, ಕಲ್ಲಿನ ಜಗಲಿಗಳ ಮೇಲೆ ಒರಗಿ ಊಟ ಮಾಡುತ್ತಿದ್ದರು. ಆ ಪಾತ್ರೆಗಳನ್ನು ಮತ್ತೆ ಮನೆಗೆ ಒಯ್ಯಬಾರದು ಅಂತ ಅಲ್ಲೇ ಒಡೆದು ಹೋಗುತ್ತಿದ್ದರಂತೆ. ಕೋಮ್ ಅಲ್ ಶುಕಾಫಾ ಅಂದರೆ ಮಡಕೆ ಚೂರುಗಳ ದಿಬ್ಬ. ತಿಥಿ ಊಟ ಮಾಡಿ ಬೆಳೆದ ನಮಗೆ ಆ ಕೋಣೆ ಬಿಟ್ಟು ಬೇಗ ಹೊರಡಲು ಮನಸ್ಸಾಗುವುದಿಲ್ಲ.

ಹತ್ತಿರದಲ್ಲೇ ಪಾಂಪೆಯ ಕಂಬ ಇದೆ. ಹೆಸರು ಪಾಂಪೆಯದಾದರೂ ನಿಲ್ಲಿಸಿದ್ದು ಡಯೋಕ್ಲೆಟಿಯನ್ ಚಕ್ರವರ್ತಿಯ ಗೌರವಕ್ಕೆ. ಆಸ್ವಾನಿನ ಕೆಂಪು ಗ್ರಾನೈಟು, ಪೀಠ ಸೇರಿ 26 ಮೀಟರಿಗೂ ಎತ್ತರ. ಅರ್ಧ ಗಂಟೆ ಸಾಕು. ಇಂಥ ಕಡೆಗಳಲ್ಲಿ ಟಿಕೆಟ್ಟಿಗೆ ಕಾರ್ಡ್ ಮಾತ್ರ ತೆಗೆದುಕೊಳ್ಳುವುದೂ ಉಂಟು, ಇಟ್ಟುಕೊಂಡು ಹೋಗಿ.

ಮಧ್ಯಾಹ್ನ ಮೀನಿನ ಊಟ, ಆರಿಸುವವರು ನೀವೇ

ಕೋಟೆಯ ಕಡೆ ಇರುವ ಅನ್‌ಫೂಶಿ ಮೀನುಗಾರರ ಬೀದಿ. ದೋಣಿ ಕಟ್ಟುವವರು ಇನ್ನೂ ಇಲ್ಲಿ ಮರ ಕೆತ್ತುತ್ತಾ ಕೂತಿರುತ್ತಾರೆ. ಮೊದಲು ಕೈತ್ಬೇ ಕೋಟೆ ನೋಡಿ. ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿದ್ದ ಫಾರೋಸ್ ದೀಪಸ್ತಂಭ ಭೂಕಂಪಗಳಿಗೆ ಸಿಕ್ಕು ಬಿದ್ದುಹೋದ ಮೇಲೆ, ಅದೇ ಜಾಗದಲ್ಲಿ ಸುಲ್ತಾನ್ ಕೈತ್ಬೇ 1477ರಲ್ಲಿ ಈ ಕೋಟೆ ಕಟ್ಟಲು ಶುರು ಮಾಡಿದ. ಬಿದ್ದ ಕಲ್ಲುಗಳನ್ನೂ ಬಳಸಿಕೊಂಡರು. ಒಳಗಿಗಿಂತ ಮೇಲಿನ ಗೋಡೆಯ ಮೇಲೆ ನಿಂತು ಗಾಳಿ ಕುಡಿಯುವುದೇ ಚೆಂದ. ಹೊಟ್ಟೆ ಹಸಿಯುತ್ತದೆ.

ಇಲ್ಲಿನ ಮೀನಿನ ಹೋಟೆಲಿನಲ್ಲಿ ಮೆನು ಕೇಳಬೇಡಿ, ನೇರ ಐಸಿನ ಕಟ್ಟೆಯ ಹತ್ತಿರ ಹೋಗಿ. ಬೂರಿ, ದನೀಸ್, ಸೀಗಡಿ, ಏಡಿ ಎಲ್ಲ ಸಾಲಾಗಿ ಮಲಗಿರುತ್ತವೆ. ಕಣ್ಣು ಹೊಳೆಯುತ್ತಿದೆಯಾ, ಕಿವಿರು ಕೆಂಪಗಿದೆಯಾ ಅಂತ ಎತ್ತಿ ನೋಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ಲಿನ ಗೃಹಿಣಿಯರೂ ಹಾಗೇ ನೋಡುವುದು. ‘ಬಿಕಾಮ್?’ ಅಂದರೆ ಎಷ್ಟು ಅಂತ. ದರ ಕಿಲೋ ಲೆಕ್ಕ. ಬೇಯಿಸುವ ಕೂಲಿ ಅದರಲ್ಲೇ ಸೇರಿದೆಯೋ, ಬೇರೆಯೋ ಅನ್ನುವುದನ್ನು ತೂಕ ಹಾಕುವ ಮುಂಚೆಯೇ ಕೇಳಿಬಿಡಿ.

ಆಮೇಲೆ ಹೇಗೆ ಮಾಡಬೇಕು ಅನ್ನುತ್ತಾರೆ. ‘ಮಕ್ಲಿ’ ಅಂದರೆ ಎಣ್ಣೆಯಲ್ಲಿ ಕರಿದದ್ದು. ‘ಸಿಂಗಾರಿ’ ಅಂದರೆ ಮೀನನ್ನು ಬೆನ್ನ ಕಡೆಯಿಂದ ಸೀಳಿ, ಪುಸ್ತಕದ ಹಾಗೆ ಬಿಚ್ಚಿ, ಮೇಲೆ ಟೊಮೆಟೊ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಹರಡಿ ಒಲೆಯಲ್ಲಿ ಬೇಯಿಸಿದ್ದು. ನನ್ನ ಮತ ‘ರದ್ದಾ’ಗೆ. ಇಡೀ ಮೀನಿಗೆ ಗೋಧಿ ಬೂಸಾ ಮೆತ್ತಿ ಬೆಂಕಿಯ ಮೇಲೆ ಸುಡುತ್ತಾರೆ. ತಟ್ಟೆಗೆ ಬಂದಾಗ ಇದ್ದಿಲಿನ ಹಾಗೆ ಕಪ್ಪಗಿರುತ್ತದೆ, ನೋಡಿ ಹೆದರಬೇಡಿ. ಸಿಪ್ಪೆ ಒಂದೇ ಹಾಳೆಯಾಗಿ ಏಳುತ್ತದೆ. ಒಳಗೆ ಬೆಳ್ಳಗೆ, ರಸ ಆರದ ಮಾಂಸ. ಜೊತೆಗೆ ಸಯಾದಿಯಾ ಅನ್ನ ತೆಗೆದುಕೊಳ್ಳಿ. ಈರುಳ್ಳಿಯನ್ನು ಚೆನ್ನಾಗಿ ಕಂದಿಸಿ, ಅದರ ಬಣ್ಣದಲ್ಲೇ ಅನ್ನ ಬೇಯಿಸಿರುತ್ತಾರೆ. ನಿಂಬೆ ಹಿಂಡಿ ಕೈಯಲ್ಲೇ ತಿನ್ನಿ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ. ರಾಮಲ್ ಸ್ಟೇಷನ್ ಕಡೆಗೆ ಬನ್ನಿ. ರಾತ್ರಿಯೆಲ್ಲ ಬೆಂದ ಕಾಳಿನ ‘ಫೂಲ್’ ಸಿಗುತ್ತದೆ, ‘ತಾಮಿಯಾ’ ಸಿಗುತ್ತದೆ. ತಾಮಿಯಾ ನಮ್ಮ ಆಂಬೊಡೆಯ ದೂರದ ನೆಂಟ. ಕಡಲೆ ಅಲ್ಲ, ಫಾವಾ ಕಾಳು ರುಬ್ಬಿ ಮಾಡುತ್ತಾರೆ. ಮುರಿದರೆ ಒಳಗೆ ಸೊಪ್ಪಿನ ಹಸಿರು. ಅನ್ನ, ಬೇಳೆ, ಮ್ಯಾಕರೋನಿ, ಕರಿದ ಈರುಳ್ಳಿ ಕಲೆಸಿದ ‘ಕುಶರಿ’ಯೂ ಇದೆ. ಅದರ ಹೆಸರು ನಮ್ಮ ಕಿಚಡಿಯಿಂದಲೇ ಬಂತು ಅನ್ನುವ ಮಾತಿದೆ.

ಎರಡನೇ ದಿನ ಲೈಬ್ರರಿಗೆ

2002ರಲ್ಲಿ ಬಾಗಿಲು ತೆರೆದ ಈ ಹೊಸ ಲೈಬ್ರರಿ ದೂರದಿಂದ ನೋಡಿದರೆ ಕಡಲಿನಿಂದ ಏಳುತ್ತಿರುವ ಸೂರ್ಯನ ತಟ್ಟೆಯಂತಿದೆ. ಅಡ್ಡಳತೆ 160 ಮೀಟರ್. ಬ್ಯಾಗು ಹೊರಗೆ ಕೊಟ್ಟು, ಟಿಕೆಟ್ ತಗೊಂಡು ಒಳಗೆ ಹೋಗಬೇಕು. ಶುಕ್ರವಾರ ಮತ್ತು ರಜಾದಿನ ಸಮಯ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ.

ಒಳಗೆ ಹೋಗುವ ಮುಂಚೆ ಹೊರಗೋಡೆ ಸುತ್ತಿ ಬನ್ನಿ. ಬೂದು ಗ್ರಾನೈಟಿನ ಮೇಲೆ ಜಗತ್ತಿನ 120 ಲಿಪಿಗಳ ಅಕ್ಷರ ಕೆತ್ತಿದ್ದಾರೆ. ಒಂದು ಪದವೂ ಇಲ್ಲ, ಸುಮ್ನೆ ಅಕ್ಷರಗಳು. ಅಂಗೈ ಇಟ್ಟರೆ ಬೆಳಗಿನ ಹೊತ್ತು ಕಲ್ಲು ತಣ್ಣಗಿರುತ್ತದೆ, ಕೊರೆದ ಅಂಚು ಬೆರಳಿಗೆ ತಾಗುತ್ತದೆ. ಮಕ್ಕಳಿದ್ದರೆ ಗೊತ್ತಿರುವ ಅಕ್ಷರ ಹುಡುಕಲು ಬಿಡಿ.

ಒಳಗಿನ ಓದುವ ಕೋಣೆಯಲ್ಲಿ ಒಂದು ಗಂಟೆ ಕೂರಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಭಾಂಗಣ, ನಮ್ಮ ಬೆಟ್ಟದ ಗದ್ದೆಗಳ ಹಾಗೆ. ಈ ಊರಿನಲ್ಲೇ ಕ್ರಿ.ಶ. ಎರಡನೇ ಶತಮಾನದಲ್ಲಿ ಟಾಲೆಮಿ ಎಂಬ ಭೂಗೋಳಕಾರ ಕೂತು ಜಗತ್ತಿನ ಊರುಗಳ ಪಟ್ಟಿ ಮಾಡಿದ. ಆ ಪಟ್ಟಿಯಲ್ಲಿ ವಿದ್ವಾಂಸರು ಬನವಾಸಿ ಎಂದು ಗುರುತಿಸುವ ಹೆಸರೂ ಇದೆ. ಪಂಪ ಬನವಾಸಿಯನ್ನು ನೆನೆಯುವುದಕ್ಕೆ ಸುಮಾರು ಎಂಟುನೂರು ವರ್ಷ ಮೊದಲೇ ಇಲ್ಲಿ ಯಾರೋ ಆ ಹೆಸರು ಬರೆದುಕೊಂಡಿದ್ದರು. ಇದನ್ನು ನೆನಪಿಟ್ಟುಕೊಂಡು ಆ ಕೋಣೆಯಲ್ಲಿ ಕೂತರೆ ಎದೆ ತುಂಬಿ ಬರುತ್ತದೆ.

ಮಧ್ಯಾಹ್ನ ನಿಮ್ಮಿಷ್ಟ. ಹಳೆ ಪುಸ್ತಕದ ಹುಚ್ಚಿದ್ದರೆ ನಬಿ ದಾನಿಯಾಲ್ ಬೀದಿಯ ಪುಟ್‌ಪಾತ್ ಅಂಗಡಿಗಳು. ಮರದ ನೆರಳು ಬೇಕಿದ್ದರೆ ಮೊಂತಾಜಾ ತೋಟ. ಇತಿಹಾಸ ಸಾಲದು ಅನ್ನುವವರಿಗೆ 2005ರಿಂದ ಮುಚ್ಚಿದ್ದು 2023ರಲ್ಲಿ ಮತ್ತೆ ತೆರೆದ ಗ್ರೀಕ್-ರೋಮನ್ ಮ್ಯೂಸಿಯಂ. ಮೂರನ್ನೂ ತುರುಕಬೇಡಿ. ಸ್ನಾನದ ಆಸೆ ಇರುವ ಹೆಂಗಸರಿಗೆ ಒಂದು ಮಾತು. ಸಾರ್ವಜನಿಕ ಬೀಚುಗಳಲ್ಲಿ ಅಲ್ಲಿನ ಹೆಂಗಸರು ಮೈತುಂಬ ಬಟ್ಟೆಯಲ್ಲೇ ನೀರಿಗಿಳಿಯುತ್ತಾರೆ. ಈಜುಡುಪು ಬೇಕೆಂದರೆ ಹೋಟೆಲಿನ ಖಾಸಗಿ ಬೀಚೇ ನೆಮ್ಮದಿ.

ಸಂಜೆಗೆ ಏನೂ ಪ್ಲಾನ್ ಬೇಡ

ಹೊತ್ತು ಮುಳುಗಲು ಮುಕ್ಕಾಲು ಗಂಟೆ ಇರುವಾಗ ಲೈಬ್ರರಿ ಎದುರಿನ ಕಡಲ ಗೋಡೆಗೆ ಬನ್ನಿ. ಹಳೆಯ ಬಂದರು ಅರ್ಧಚಂದ್ರದ ಹಾಗೆ ಬಾಗಿದೆ. ಇಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಬಣ್ಣದ ದೋಣಿಗಳಾಚೆ ಕೈತ್ಬೇ ಕೋಟೆ, ಆ ಕಡೆಗೇ ಸೂರ್ಯ ಇಳಿಯುತ್ತದೆ. ಗೋಡೆ ಹತ್ತಿ ಕಾಲು ಇಳಿಬಿಟ್ಟು ಕೂರಿ. ಅಕ್ಕಪಕ್ಕ ಗಾಳ ಹಾಕಿದ ಅಜ್ಜಂದಿರು, ಮದುವೆ ಗೊತ್ತಾದ ಜೋಡಿಗಳು, ಮಕ್ಕಳನ್ನು ಕಟ್ಟಿಕೊಂಡು ಬಂದ ದೊಡ್ಡ ಸಂಸಾರಗಳು. ಯಾರಾದರೂ ಮಾತಾಡಿಸುತ್ತಾರೆ. ‘ಹಿಂದ್’ ಅಂದರೆ ಭಾರತ. ಅದು ಕಿವಿಗೆ ಬಿದ್ದ ಕೂಡಲೇ ಅಮಿತಾಭ್ ಬಚ್ಚನ್ ಹೆಸರು ಬಂದರೂ ಬರಬಹುದು.

ಕತ್ತಲಾದ ಮೇಲೆ ತಳ್ಳುಗಾಡಿಗಳು ಬರುತ್ತವೆ. ಸುಟ್ಟ ಜೋಳ, ಗೆಣಸು, ಉಪ್ಪುನೀರಲ್ಲಿ ನೆನೆಸಿದ ತಿರ್ಮಿಸ್ ಕಾಳು. ಚಳಿ ಇದ್ದರೆ ‘ಹಮ್ಮುಸ್ ಶಾಮ್’ ಕೇಳಿ. ಕಾಬೂಲಿ ಕಡಲೆ ಬೇಯಿಸಿದ ಕಟ್ಟಿಗೆ ಖಾರ, ನಿಂಬೆಹುಳಿ ಹಾಕಿ ಗ್ಲಾಸಿನಲ್ಲಿ ಸುಡುಸುಡು ಕೊಡುತ್ತಾರೆ. ನಮ್ಮ ಕಟ್ಟಿನ ಸಾರು ಕುಡಿದು ಗೊತ್ತಿದ್ದವರಿಗೆ ಮೊದಲ ಗುಟುಕಿಗೇ ಪರಿಚಯ ಸಿಗುತ್ತದೆ. ಗಾಳಿಗೆ ಬೆನ್ನು ಮಾಡಿ ಕೂತು, ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ಮೊದಲು ರಸ ಹೀರಿ. ತಳದಲ್ಲಿ ಉಳಿಯುವ ಕಾಳಿಗೆ ಚಮಚ ಕೊಡುತ್ತಾರೆ.