ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸಿದ ಗೆಡ್ಡೆ: ಜೀನ್ ವರದಿಯಲ್ಲಿ ಅದರ ಸುಳಿವು ಹುಡುಕುವ ಬಗೆ

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳೂ ತಮ್ಮೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಎಚ್‌ಎಲ್‌ಎ ಎಂಬ ಅಣುಗಳ ಮೇಲಿಟ್ಟು ಹೊರಮೈಯಲ್ಲಿ ತೋರಿಸುತ್ತಿರುತ್ತವೆ. ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರಾದ ಟಿ ಕೋಶಗಳು ಅವನ್ನು ಪರಿಶೀಲಿಸಿ, ಮ್ಯುಟೇಶನ್ನಿನಿಂದ (ಡಿಎನ್‌ಎಯಲ್ಲಾಗುವ ಬದಲಾವಣೆಯಿಂದ) ಹುಟ್ಟಿದ ಅಪರಿಚಿತ ಚೂರು ಕಂಡಾಗ ಆ ಕೋಶವನ್ನು ಕೊಲ್ಲುತ್ತವೆ. ಮ್ಯುಟೇಶನ್‌ಗಳು ಆಕಸ್ಮಿಕವಾಗಿ ಆಗುತ್ತವೆ. ಆದರೆ ಈ ಪ್ರದರ್ಶನವನ್ನೇ ಕೆಡಿಸುವಂಥದ್ದು ಯಾವ ಕೋಶದಲ್ಲಿ ಆಗುತ್ತದೋ ಆ ಕೋಶ ಉಳಿದು ಬೆಳೆಯುತ್ತದೆ.

ಗೆಡ್ಡೆಯ ಜೀನ್ ಪರೀಕ್ಷೆಯ ವರದಿ ಕೈಗೆ ಬಂದಾಗ ಮೊದಲು ಬಿ2ಎಂ ಎಂಬ ವಂಶವಾಹಿಯ ಹೆಸರಿದೆಯೇ ನೋಡಿ. ಇದರ ಪ್ರೋಟೀನ್ ಇಲ್ಲದೆ, ಮೇಲೆ ಹೇಳಿದ ಚೂರುಗಳನ್ನು ತೋರಿಸುವ ಮೊದಲ ವರ್ಗದ ಎಚ್‌ಎಲ್‌ಎ ಅಣುಗಳು ಕೋಶದ ಮೇಲ್ಮೈಯಲ್ಲಿ ನಿಲ್ಲಲಾರವು. ಹೆಸರಿನ ಮುಂದೆ ‘ಎಲ್15ಎಫ್‌ಎಸ್’ ಎಂಬಂಥ ಬರಹವಿದ್ದರೆ, 15ನೆಯ ಅಮೈನೋ ಆಮ್ಲವಾದ ಲ್ಯೂಸಿನ್‌ನಿಂದ ಮುಂದೆ, ಡಿಎನ್‌ಎಯ ಅಕ್ಷರಗಳನ್ನು ಮೂರು ಮೂರಾಗಿ ಓದುವ ಚೌಕಟ್ಟೇ ಸರಿದುಹೋಗಿದೆ, ಹಾಗಾಗಿ ಕೆಲಸಕ್ಕೆ ಬರುವ ಪ್ರೋಟೀನ್ ತಯಾರಾಗುವುದಿಲ್ಲ ಎಂದರ್ಥ. ಒಂದೇ ಅಮೈನೋ ಆಮ್ಲ ಬದಲಾಗಿದ್ದರೆ ಇಷ್ಟು ಖಚಿತವಾಗಿ ಹೇಳಲಾಗದು.

ಇಲ್ಲಿಯೇ ಬಹಳ ಜನ ಅವಸರಪಡುತ್ತಾರೆ. ಪ್ರತಿ ಕೋಶದಲ್ಲಿ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತಿರಬಹುದು. ಆದ್ದರಿಂದ ವರದಿಯಲ್ಲಿರುವ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು: ಮಾದರಿಯಲ್ಲಿ ಗೆಡ್ಡೆಯ ಕೋಶಗಳ ಪಾಲು ಎಷ್ಟು, ಮ್ಯುಟೇಶನ್ ಕಂಡ ಡಿಎನ್‌ಎಯ ಪಾಲು ಎಷ್ಟು. ಗೆಡ್ಡೆಯ ಕೋಶಗಳು ಶೇ. 60 ಇದ್ದು, ಅವೆಲ್ಲದರಲ್ಲೂ ಒಂದು ಪ್ರತಿ ಮಾತ್ರ ಕೆಟ್ಟಿದ್ದರೆ ಮ್ಯುಟೇಶನ್ನಿನ ಪಾಲು ಶೇ. 30ರ ಆಸುಪಾಸಿನಲ್ಲಿರುತ್ತದೆ. ಒಳ್ಳೆಯ ಪ್ರತಿ ಅಳಿಸಿಹೋಗಿದ್ದರೆ ಅದು ಶೇ. 43ರ ಹತ್ತಿರಕ್ಕೂ, ಅದರ ಜಾಗದಲ್ಲಿ ಕೆಟ್ಟ ಪ್ರತಿಯೇ ಇಮ್ಮಡಿಯಾಗಿದ್ದರೆ ಶೇ. 60ರ ಹತ್ತಿರಕ್ಕೂ ಏರುತ್ತದೆ. ಎರಡು ಪ್ರತಿಗಳಲ್ಲಿ ಎರಡು ಬೇರೆ ಬೇರೆ ಮ್ಯುಟೇಶನ್‌ಗಳಿರುವುದೂ ಉಂಟು. ಆಗ ವರದಿಯಲ್ಲಿ ಆ ಎರಡೂ ಮ್ಯುಟೇಶನ್‌ಗಳ ಸಾಲುಗಳಲ್ಲಿ ಶೇ. 30ರ ಸುತ್ತಮುತ್ತಲೇ ಅಂಕಿ ಕಾಣುತ್ತದೆ.

ಮುಂದೆ ಎಚ್‌ಎಲ್‌ಎ ವಂಶವಾಹಿಗಳನ್ನೇ ವಿಚಾರಿಸಿ. ಇವು 6ನೆಯ ಕ್ರೋಮೋಸೋಮಿನಲ್ಲಿವೆ. ತಂದೆಯಿಂದ ಅಥವಾ ತಾಯಿಯಿಂದ ಬಂದ ಒಂದು ಗುಂಪನ್ನಷ್ಟೇ ಕಳೆದುಕೊಂಡರೂ, ಆ ಗುಂಪು ತೋರಿಸುತ್ತಿದ್ದ ಚೂರುಗಳು ಟಿ ಕೋಶಗಳಿಗೆ ಕಾಣದಾಗುತ್ತವೆ. ಬ್ರಿಟನ್ನಿನ ಟ್ರೇಸರ್‌ಎಕ್ಸ್ ಅಧ್ಯಯನ 2017ರಲ್ಲಿ ಆರಂಭಿಕ ಹಂತದ ಶ್ವಾಸಕೋಶದ ಕ್ಯಾನ್ಸರುಗಳ (ಸಣ್ಣ ಕೋಶದ್ದಲ್ಲದ ಬಗೆ) ಸುಮಾರು ಶೇ. 40ರಲ್ಲಿ ಈ ನಷ್ಟವನ್ನು ಕಂಡಿತು. ಎಲ್ಲ ಪರೀಕ್ಷೆಗಳೂ ಇದನ್ನು ನೋಡುವುದಿಲ್ಲ. ವರದಿಯಲ್ಲಿ ಉಲ್ಲೇಖವಿಲ್ಲವೆಂದರೆ ನಷ್ಟವಾಗಿಲ್ಲವೆಂದು ತಿಳಿಯದೆ ಪ್ರಯೋಗಾಲಯವನ್ನೇ ಕೇಳಿ.

ಜಾಕ್1, ಜಾಕ್2 ವಂಶವಾಹಿಗಳು ಕೆಟ್ಟರೆ ಟಿ ಕೋಶ ಬಿಡುಗಡೆ ಮಾಡುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನಿನ ಸಂದೇಶ ಗೆಡ್ಡೆಯ ಕೋಶದೊಳಗೆ ತಲುಪುವುದಿಲ್ಲ. ಇಮ್ಯುನೋಥೆರಪಿಯ (ಟಿ ಕೋಶಗಳನ್ನು ಗೆಡ್ಡೆಯ ಮೇಲೆ ಎತ್ತಿಕಟ್ಟುವ ಚಿಕಿತ್ಸೆಯ) ಔಷಧವಾದ ಪೆಂಬ್ರೊಲಿಜುಮ್ಯಾಬ್‌ಗೆ ಮೊದಲು ಸ್ಪಂದಿಸಿ ಆಮೇಲೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಮರುಕಳಿಸಿದ ನಾಲ್ವರು ರೋಗಿಗಳನ್ನು 2016ರ ಅಧ್ಯಯನವೊಂದು ಪರೀಕ್ಷಿಸಿದಾಗ, ಒಬ್ಬರಲ್ಲಿ ಜಾಕ್1, ಇನ್ನೊಬ್ಬರಲ್ಲಿ ಜಾಕ್2, ಮತ್ತೊಬ್ಬರಲ್ಲಿ ಬಿ2ಎಂ ಕೆಟ್ಟಿದ್ದವು. ಹಾಗಾಗಿ ಬಯಾಪ್ಸಿಯ ದಿನಾಂಕವನ್ನು ತಪ್ಪದೆ ನೋಡಿ: ಚಿಕಿತ್ಸೆಗೆ ಮುಂಚಿನ ಮಾದರಿ, ಮರುಕಳಿಸಿದ ಗೆಡ್ಡೆಯ ಸ್ಥಿತಿಯನ್ನು ಹೇಳಲಾರದು.

ಇಷ್ಟಾದರೂ ಬಿ2ಎಂ ನಷ್ಟ ಕಂಡೊಡನೆ ಇಮ್ಯುನೋಥೆರಪಿಯ ಆಸೆ ಬಿಡಬೇಕಾಗಿಲ್ಲ. ಡಿಎನ್‌ಎ ದುರಸ್ತಿ ಕೆಟ್ಟ, ಎಂಎಸ್‌ಐ (ಆ ದುರಸ್ತಿಯಿಲ್ಲದೆ ಡಿಎನ್‌ಎಯ ಪುನರಾವರ್ತಿತ ಭಾಗಗಳಲ್ಲಿ ಕಾಣುವ ಏರುಪೇರು) ಹೆಚ್ಚಿರುವ ಕರುಳಿನ ಕ್ಯಾನ್ಸರುಗಳಲ್ಲಿ ಈ ನಷ್ಟ ಸಾಮಾನ್ಯ. ಆದರೂ ಅಂಥ ಅನೇಕ ಗೆಡ್ಡೆಗಳು ಚಿಕಿತ್ಸೆಗೆ ಕರಗಿವೆ, ಅಲ್ಲಿ ಗಾಮಾ ಡೆಲ್ಟಾ ಎಂಬ ಬೇರೆ ಬಗೆಯ ಟಿ ಕೋಶಗಳು ಎಚ್‌ಎಲ್‌ಎ ಹಂಗಿಲ್ಲದೆ ದಾಳಿ ಮಾಡುತ್ತವೆ ಎಂಬುದಕ್ಕೆ ಪುರಾವೆಯೂ ಇದೆ. ಕ್ಯಾನ್ಸರ್ ತಜ್ಞರ ಬಳಿಗೆ ಹೋಗುವಾಗ ಎಂಎಸ್‌ಐ ಫಲಿತಾಂಶ, ಆ ಎರಡು ಅಂಕಿಗಳು ಮತ್ತು ಬಯಾಪ್ಸಿಯ ದಿನಾಂಕವನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು, ಎರಡೂ ಪ್ರತಿಗಳು ಹೋಗಿವೆಯೇ ಎಂದು ನೇರವಾಗಿ ಕೇಳಿ.